ಇಂದಿನ ಧಮ್ಮ ಚಿಂತನೆ: ಇದ್ದುದನ್ನು ಇದ್ದ ಹಾಗೆ ಹೇಳುವ ರೋಗಿ





ಕಳೆದ ಭಾನುವಾರ ವಿಹಾರದಲ್ಲಿ ವಂದನೆ ಮುಗಿದ ಮೇಲೆ ಉಪಾಸಿಕೆಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. "ಮೇಡಂ, ನನ್ನ ತಮ್ಮನ ಮಗನಿಗೆ ಇನ್ನೂ ಹನ್ನೊಂದು ವರ್ಷ. ಸಕ್ಕರೆ ಕಾಯಿಲೆ ಅಂತ ದಿನಾ ಸೂಜಿ ಹಾಕ್ತಿದಾರೆ. ಅವನನ್ನ ಮುಂದೆ ಓದಿಸೋದಾ, ಸಾಕು ಅಂತ ಮನೇಲಿಟ್ಕೊಳ್ಳೋದಾ ಅಂತ ಮಾತಾಡ್ತಿದಾರೆ. ನೀವೇನಂತೀರಿ?" ಎಂದು ಕೇಳಿದರು. ಚಪ್ಪಲಿ ಹಾಕಿಕೊಳ್ಳುತ್ತಾ ನಿಂತಲ್ಲೇ ಹೇಳಿ ಮುಗಿಸುವ ಉತ್ತರ ಅದಲ್ಲ. ಇವತ್ತು ಬರೆಯುವ ಸರದಿ ನನ್ನದು. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಬಳಿ ಓದಿದ ಒಬ್ಬ ಹುಡುಗಿಯ ಸಂಗತಿ ಇದು. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. "ಹೆಸರು, ಊರು ಹಾಕ್ಬೇಡಿ ಮಿಸ್. ಆದ್ರೆ ನೀವು ಮಾಡಿದ್ದನ್ನೂ ಬಿಡದೆ ಬರೀಬೇಕು" ಎಂದಿದ್ದಾಳೆ. ಬಿಡದೆ ಬರೆಯುತ್ತೇನೆ.

*ನಾನು ಬೈದ ಹುಡುಗಿ*

ಅವಳು ಒಂಬತ್ತನೇ ತರಗತಿಯಲ್ಲಿದ್ದಾಗಿನ ಮಾತು. ಅಪ್ಪ ಗಾರೆ ಕೆಲಸ, ಅವ್ವ ಕೂಲಿ. ಮನೆಯ ಗೋಡೆಯ ಮೇಲೆ ಭಗವಾನ್ ಬುದ್ಧರು ಮತ್ತು ಬಾಬಾಸಾಹೇಬರ ಫೋಟೋ ಇದ್ದ ಮನೆ. ಹುಡುಗಿ ಓದಿನಲ್ಲಿ ಚುರುಕು. ಆ ವರ್ಷ ದಸರಾ ರಜೆ ಮುಗಿಸಿ ಬಂದಾಗ ಕೆನ್ನೆ ಇಳಿದಿತ್ತು, ಯೂನಿಫಾರ್ಮ್ ಸಡಿಲವಾಗಿತ್ತು. ಬಾಟಲಿಗಟ್ಟಲೆ ನೀರು ಕುಡಿಯುತ್ತಿದ್ದಳು. ಪಾಠದ ಮಧ್ಯೆ ಎರಡೆರಡು ಸಲ ಹೊರಗೆ ಹೋಗಬೇಕೆಂದು ಕೈ ಎತ್ತುತ್ತಿದ್ದಳು. "ನಾನು ವ್ಯಾಕರಣ ಶುರುಮಾಡಿದ ಕೂಡಲೇ ನಿನಗೆ ಹೊರಗೆ ಹೋಗ್ಬೇಕಲ್ಲ?" ಎಂದು ನಾನೇ ಬೈದೆ. ಮಕ್ಕಳೆಲ್ಲ ನಕ್ಕರು. ಮರುದಿನದಿಂದ ಅವಳು ಕೈ ಎತ್ತಲಿಲ್ಲ.

ಎರಡು ವಾರ ಕಳೆದ ಮೇಲೆ ವಾಂತಿ, ಏದುಸಿರು. ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ರಕ್ತದ ಸಕ್ಕರೆ 500 ದಾಟಿತ್ತು. ಟೈಪ್ 1 ಮಧುಮೇಹ ಎಂದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಮನೆಗಳ ಹಿರಿಯರಿಗೆ ಬರುವ ಸಕ್ಕರೆ ಕಾಯಿಲೆ ಹೆಚ್ಚಾಗಿ ಟೈಪ್ 2. ಅದರಲ್ಲಿ ದೇಹದಲ್ಲಿ ಇನ್ಸುಲಿನ್ ಇರುತ್ತದೆ, ಆದರೆ ಸರಿಯಾಗಿ ಕೆಲಸ ಮಾಡುವುದಿಲ್ಲ ಅಥವಾ ಸಾಲುವುದಿಲ್ಲ. ಹೆಚ್ಚಾಗಿ ಮಕ್ಕಳಲ್ಲಿ, ಹರೆಯದವರಲ್ಲಿ ಕಾಣಿಸಿಕೊಳ್ಳುವ ಟೈಪ್ 1 ಬೇರೆ. ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಮೇದೋಜ್ಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕಣಗಳನ್ನು ನಾಶಮಾಡಿಬಿಡುತ್ತದೆ. ಸಿಹಿ ತಿಂದದ್ದರಿಂದ ಬಂದದ್ದಲ್ಲ, ಅಂಟುರೋಗವೂ ಅಲ್ಲ. ಇನ್ಸುಲಿನ್ ಹೊರಗಿನಿಂದಲೇ ಕೊಡಬೇಕು, ದಿನವೂ, ಬದುಕಿರುವಷ್ಟು ಕಾಲ. 1921ರಲ್ಲಿ ಕೆನಡಾದ ಟೊರಾಂಟೋದಲ್ಲಿ ಇನ್ಸುಲಿನ್ ಬೇರ್ಪಡಿಸುವವರೆಗೆ ಇಂಥ ಮಕ್ಕಳು ಹೆಚ್ಚು ದಿನ ಉಳಿಯುತ್ತಿರಲಿಲ್ಲ. 1922ರ ಜನವರಿಯಲ್ಲಿ ಅದನ್ನು ಮೊದಲು ಪಡೆದವನು 14 ವರ್ಷದ ಒಬ್ಬ ಹುಡುಗ. ಸಂಶೋಧಕರು ಅದರ ಪೇಟೆಂಟನ್ನು ತಲಾ ಒಂದು ಡಾಲರಿಗೆ ತಮ್ಮ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ದಾನ ಎಂದರೆ ಏನು ಎಂದು ಮಕ್ಕಳಿಗೆ ಹೇಳುವಾಗ ನಾನು ಈ ಸಂಗತಿಯನ್ನೂ ಹೇಳುತ್ತೇನೆ.

*ಯಾವ ಜನ್ಮದ ಪಾಪ?*

ಮನೆಗೆ ನೋಡಲು ಹೋದಾಗ ಅಜ್ಜಿ ಬಾಗಿಲಲ್ಲೇ ಕೂತು ಅಳುತ್ತಿದ್ದರು. "ಯಾವ ಜನ್ಮದಲ್ಲಿ ಏನ್ ಪಾಪ ಮಾಡಿತ್ತೋ ಕಣವ್ವ ಈ ಮೊಗ. ಹೆಣ್ಣು ಮೊಗೀಗೆ ದಿನಾ ಸೂಜಿ ಅಂದ್ರೆ ನಾಳೆ ಯಾರ್ ಮಾಡ್ಕತಾರೆ?" ಎಂದರು. ಆ ಮಾತು ಒಳಗೆ ಕೂತಿದ್ದ ಹುಡುಗಿಗೆ ಕೇಳಿಸುತ್ತಿತ್ತು. ಅಷ್ಟರಲ್ಲಿ ಯಾರೋ ಒಬ್ಬರು ಬೇರಿನ ಕಷಾಯ ಕೊಟ್ಟು, "ಇದನ್ನ ಕುಡಿಸಿ, ಸೂಜಿ ನಿಲ್ಸಿ" ಎಂದರು. ನಿಲ್ಲಿಸಿದರು. ಎರಡನೇ ದಿನ ರಾತ್ರಿ ಮತ್ತೆ ಆಸ್ಪತ್ರೆ. ಇನ್ನೊಂದು ದಿನ ತಡವಾಗಿದ್ದರೆ ನಾನು ಈ ಚಿಂತನೆ ಬರೆಯುತ್ತಿರಲಿಲ್ಲ.

ನಾವು ದೀಕ್ಷೆ ಪಡೆದಿದ್ದೇವೆ. ಗೋಡೆಯ ಮೇಲಿನ ಫೋಟೋ ಬದಲಾಗಿದೆ. ಆದರೆ ಮನೆಯಲ್ಲಿ ಕಾಯಿಲೆ ಬಂದಾಗ ಬಾಯಿಗೆ ಮೊದಲು ಬರುವ ಮಾತು ಇನ್ನೂ ಹಿಂದಿನ ಜನ್ಮದ್ದೇ. ಅಜ್ಜಿಯನ್ನು ನಾನು ಹಳಿಯುತ್ತಿಲ್ಲ. ಅವರಿಗೆ ಯಾರು ಹೇಳಿಕೊಟ್ಟಿದ್ದಾರೆ? ಹೇಳಬೇಕಾದವರು ನಾವು.

ಸಂಯುತ್ತ ನಿಕಾಯದ ವೇದನಾ ಸಂಯುತ್ತದಲ್ಲಿ ಮೋಳಿಯ ಸೀವಕ ಎಂಬ ಪರಿವ್ರಾಜಕ ಇದೇ ಪ್ರಶ್ನೆಯನ್ನು ಭಗವಾನ್ ಬುದ್ಧರ ಮುಂದೆ ಇಡುತ್ತಾನೆ. ಮನುಷ್ಯ ಅನುಭವಿಸುವ ಸುಖ, ದುಃಖ ಎಲ್ಲವೂ ಹಿಂದೆ ಮಾಡಿದ ಕರ್ಮದ ಫಲವೇ ಎಂದು ಕೆಲವರು ಹೇಳುತ್ತಾರಲ್ಲ, ಇದು ನಿಜವೇ ಎಂದು. ಬುದ್ಧರು ಒಪ್ಪುವುದಿಲ್ಲ. ನೋವಿಗೆ ಪಿತ್ತ ಕಾರಣವಾಗಬಹುದು, ಕಫ, ವಾತ ಕಾರಣವಾಗಬಹುದು, ಮೂರೂ ಸೇರಿ ಆಗಬಹುದು, ಋತು ಬದಲಾದದ್ದು ಕಾರಣವಾಗಬಹುದು, ದೇಹವನ್ನು ಸರಿಯಾಗಿ ನೋಡಿಕೊಳ್ಳದ್ದು, ಹೊರಗಿನ ಪೆಟ್ಟು ಕಾರಣವಾಗಬಹುದು ಎನ್ನುತ್ತಾರೆ. ಕರ್ಮ ಆ ಪಟ್ಟಿಯಲ್ಲಿ ಎಂಟನೆಯದಾಗಿ ಕೊನೆಯಲ್ಲಿ ಬರುತ್ತದೆ. ಎಲ್ಲವೂ ಕರ್ಮವೇ ಎನ್ನುವವರು, ತಾವೇ ಕಂಡು ತಿಳಿದದ್ದನ್ನೂ ಲೋಕ ಒಪ್ಪಿದ್ದನ್ನೂ ಮೀರಿ ಮಾತಾಡುತ್ತಿದ್ದಾರೆ ಎಂಬುದು ಅವರ ಉತ್ತರದ ತಾತ್ಪರ್ಯ. ಎರಡೂವರೆ ಸಾವಿರ ವರ್ಷದ ಹಿಂದಿನ ವೈದ್ಯದ ಭಾಷೆ ಅದು. ಇವತ್ತು ನಾವು ಪಿತ್ತ, ಕಫದ ಜಾಗದಲ್ಲಿ ಇನ್ಸುಲಿನ್ ಎನ್ನುತ್ತೇವೆ. ಆದರೆ ಕಾರಣವನ್ನು ದೇಹದಲ್ಲಿ, ಸುತ್ತಲಿನ ಲೋಕದಲ್ಲಿ ಹುಡುಕು ಎಂಬ ದಾರಿ ಅದೇ.

ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಬಡವರ, ಕೆಳಗೆ ತಳ್ಳಲ್ಪಟ್ಟವರ ಸ್ಥಿತಿಗೆ ಹಿಂದಿನ ಜನ್ಮದ ಕರ್ಮವನ್ನು ಕಾರಣ ಮಾಡಿದರೆ, ಸರ್ಕಾರ ಮತ್ತು ಸಮಾಜ ತಮ್ಮ ಹೊಣೆಯಿಂದ ತಪ್ಪಿಸಿಕೊಳ್ಳುತ್ತವೆ ಎಂಬುದು ಅವರ ವಾದ. ಕಾಯಿಲೆಯ ಮಗುವಿನ ವಿಷಯದಲ್ಲೂ ಹಾಗೆಯೇ. ಪಾಪ ಎಂದುಬಿಟ್ಟರೆ, ಬೈದ ಟೀಚರ್ ಹೊಣೆಯಲ್ಲ, ಚಿಲಕವಿಲ್ಲದ ಶಾಲೆಯ ಶೌಚಾಲಯ ಹೊಣೆಯಲ್ಲ, ಸೂಜಿ ನಿಲ್ಲಿಸಿ ಎಂದವರೂ ಹೊಣೆಯಲ್ಲ.

*ಮುಚ್ಚಿಟ್ಟದ್ದು*

ಚಿಲಕದ ಮಾತು ಬಂದದ್ದಕ್ಕೆ ಕಾರಣವಿದೆ. ಮಧ್ಯಾಹ್ನದ ಬಿಸಿಯೂಟಕ್ಕೆ ಮುಂಚೆ ಅವಳು ಇನ್ಸುಲಿನ್ ತೆಗೆದುಕೊಳ್ಳಬೇಕಿತ್ತು. ತರಗತಿಯಲ್ಲಿ ಗೊತ್ತಾಗಬಾರದೆಂದು ಶೌಚಾಲಯಕ್ಕೆ ಹೋಗಿ, ಒಂದು ಕೈಯಲ್ಲಿ ಬಾಗಿಲು ಹಿಡಿದು ಇನ್ನೊಂದು ಕೈಯಲ್ಲಿ ಚುಚ್ಚಿಕೊಳ್ಳುತ್ತಿದ್ದಳು. ಹೊರಗೆ ಮಕ್ಕಳಿದ್ದ ದಿನ ಸೂಜಿಯೂ ಇಲ್ಲ, ಊಟವೂ ಇಲ್ಲ. ಕೇಳಿದರೆ "ಹೊಟ್ಟೆನೋವು ಮಿಸ್". ಕೆಲವು ದಿನ ಸೂಜಿ ಹಾಕಿಕೊಂಡು, ಗೆಳತಿಯರು ಏನೋ ಅಂದರೆಂದು ಊಟ ಬಿಟ್ಟದ್ದೂ ಉಂಟು. ಅದು ಇನ್ನೂ ಅಪಾಯ.

ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆ, ಗಣಿತ. ಮೇಲ್ವಿಚಾರಣೆಗೆ ಇದ್ದವಳು ನಾನೇ. ಅವಳು ಡೆಸ್ಕಿನ ಮೇಲೆ ತಲೆಯಿಟ್ಟಿದ್ದಳು. ರಾತ್ರಿ ನಿದ್ದೆಗೆಟ್ಟು ಓದಿ ಈಗ ನಿದ್ದೆ ಎಂದುಕೊಂಡೆ. ಹತ್ತಿರ ಹೋದರೆ ಮೈಯೆಲ್ಲ ಬೆವರು, ಕೈ ನಡುಕ. ಉತ್ತರ ಪತ್ರಿಕೆಯಲ್ಲಿ ಲೆಕ್ಕದ ಬದಲು ಗೀಚಿದ ಗೆರೆಗಳು. ನನಗೆ ಕೈಕಾಲು ಆಡಲಿಲ್ಲ. ಗದ್ದಲ ಕೇಳಿ ಬಂದವರು ಬಿಸಿಯೂಟದ ಅಡುಗೆಯಮ್ಮ. ಅವರ ಗಂಡನಿಗೂ ಇನ್ಸುಲಿನ್ ನಡೆಯುತ್ತಿದೆ. ನೋಡಿದ ಕೂಡಲೇ "ಸಕ್ಕರೆ ಇಳ್ದದೆ ಟೀಚರಮ್ಮ, ಮಾತಾಡ್ತಾ ಅವ್ಳೆ, ನುಂಗ್ತಾಳೆ" ಎನ್ನುತ್ತಾ ಓಡಿಹೋಗಿ ಲೋಟದಲ್ಲಿ ಸಕ್ಕರೆ ನೀರು ತಂದು ಗುಟುಕು ಗುಟುಕಾಗಿ ಕುಡಿಸಿದರು. ಕಾಲು ಗಂಟೆಯಲ್ಲಿ ಹುಡುಗಿ ಎದ್ದು ಕೂತು, "ಮಿಸ್, ಟೈಮ್ ಎಷ್ಟಾಯ್ತು?" ಎಂದಳು.

ಎಂ.ಎ. ಓದಿದ ನಾನು ಮೊದಲ ಸಲ ಬೈದಿದ್ದೆ, ಎರಡನೇ ಸಲ ನಿದ್ದೆ ಎಂದುಕೊಂಡೆ. ಅಡುಗೆಯಮ್ಮನಿಗೆ ಗೊತ್ತಿತ್ತು.

*ನನ್ನ ಮೂರನೇ ತಪ್ಪು*

ಎಸ್ಸೆಸ್ಸೆಲ್ಸಿಯಲ್ಲಿ ಅವಳಿಗೆ 83 ಪರ್ಸೆಂಟ್ ಬಂತು. ಪಿಯುಸಿಯಲ್ಲಿ ಸೈನ್ಸ್ ತಗೊಂಡು ಬಿ.ಎಸ್ಸಿ. ನರ್ಸಿಂಗ್ ಮಾಡಬೇಕು ಎಂದಳು. ನನಗೆ ಪರೀಕ್ಷಾ ಕೊಠಡಿಯ ಆ ಮುಖವೇ ಕಣ್ಣ ಮುಂದೆ ಬಂತು. ರಾತ್ರಿ ಪಾಳಿ, ಹೊತ್ತಿಗೆ ಊಟವಿಲ್ಲದ ಕೆಲಸ. "ಬೇಡಮ್ಮ. ಆರ್ಟ್ಸ್ ತಗೋ. ನನ್ನ ಹಾಗೆ ಕನ್ನಡ ಎಂ.ಎ. ಮಾಡು, ಬಿ.ಎಡ್. ಮಾಡು. ನಿನ್ನ ಮೈಗೆ ಅದೇ ಆರಾಮ" ಎಂದೆ. ಕರುಣೆಯಿಂದಲೇ ಹೇಳುತ್ತಿದ್ದೇನೆ ಎಂದು ನನ್ನ ನಂಬಿಕೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಮಿಸ್, ನನಗೆ ಈ ಕಾಯಿಲೆ ಇಲ್ದೇ ಇದ್ದಿದ್ರೂ ನೀವು ಹೀಗೇ ಹೇಳ್ತಿದ್ರಾ?"

ಇಲ್ಲ. ಹೇಳುತ್ತಿರಲಿಲ್ಲ. "ಹೋಗು, ಓದು" ಎನ್ನುತ್ತಿದ್ದೆ. ನಮ್ಮ ಅಪ್ಪಂದಿರಿಗೆ, ಅಜ್ಜಂದಿರಿಗೆ ಇದೇ ಮಾತನ್ನು ಬೇರೆಯವರು ಹೇಳಿದ್ದರು. "ನಿಮಗ್ಯಾಕಪ್ಪ ಅಷ್ಟು ಓದು, ನಿಮ್ಮ ಮೈಗೆ ಒಗ್ಗುವ ಕೆಲಸ ಮಾಡ್ಕೊಂಡಿರಿ" ಎಂದು. ಅವರ ಕಾರಣ ಜಾತಿ, ನನ್ನ ಕಾರಣ ಕಾಯಿಲೆ. ಬಾಗಿಲು ಮುಚ್ಚುವ ಕೆಲಸ ಮಾತ್ರ ಒಂದೇ.

ಸೋತದ್ದನ್ನು ಒಪ್ಪಿಕೊಳ್ಳಲಾಗದೆ ನಾನು ಮಾತು ತಿರುಗಿಸಿದೆ. "ಹಾಗಾದ್ರೆ ಗಟ್ಟಿಯಾಗಿ ನಿಲ್ಬೇಕು. ಬಾಬಾಸಾಹೇಬರಿಗೂ ಸಕ್ಕರೆ ಕಾಯಿಲೆ ಇತ್ತು, ಕಾಲಿನ ನರಗಳ ನೋವಿತ್ತು. ಅಂಥದ್ದರಲ್ಲೂ ಸಂವಿಧಾನ ಬರೆದು ಮುಗಿಸಿದರು" ಎಂದೆ. ಅದಕ್ಕೆ ಅವಳು, "ಅವರ ಜೊತೆಗೆ ಡಾಕ್ಟರ್ ಮಾಯಿಸಾಹೇಬ್ ಇದ್ರಲ್ಲ ಮಿಸ್" ಎಂದಳು.

ಆ ರಾತ್ರಿ ನಾನು ಪುಸ್ತಕ ತೆಗೆದು ಕೂತೆ. ಅವಳು ಹೇಳಿದ್ದು ಸರಿ. 1948ರಲ್ಲಿ ಕಾಯಿಲೆ ಬಿಗಡಾಯಿಸಿದ್ದ ಹೊತ್ತಿನಲ್ಲೇ, ಏಪ್ರಿಲ್ 15ರಂದು ಬಾಬಾಸಾಹೇಬರು ವೈದ್ಯೆ ಡಾ. ಶಾರದಾ ಕಬೀರ್ ಅವರನ್ನು ಮದುವೆಯಾದರು. ನಾವು ಸವಿತಾ ಮಾಯಿಸಾಹೇಬ್ ಎನ್ನುವುದು ಅವರನ್ನೇ. ಅದೇ ವರ್ಷ ನವೆಂಬರ್ 5ರಂದು ಸಂವಿಧಾನ ಸಭೆಯಲ್ಲಿ ಟಿ.ಟಿ. ಕೃಷ್ಣಮಾಚಾರಿಯವರು, ಕರಡು ಸಮಿತಿಯ ಇತರ ಸದಸ್ಯರು ಒಂದಲ್ಲ ಒಂದು ಕಾರಣಕ್ಕೆ ದೂರವಾಗಿ ಭಾರವೆಲ್ಲ ಡಾ. ಅಂಬೇಡ್ಕರ್ ಅವರ ಮೇಲೆ ಬಿತ್ತು ಎಂದು ಹೇಳಿದ್ದು ನಮಗೆಲ್ಲ ಬಾಯಿಪಾಠ. ಮಾಯಿಸಾಹೇಬರ ಆರೈಕೆ ಅಷ್ಟು ನೆನಪಿರುವುದಿಲ್ಲ. ಆದರೆ ಬಾಬಾಸಾಹೇಬರು ಮರೆಯಲಿಲ್ಲ. 'ಬುದ್ಧ ಮತ್ತು ಆತನ ಧಮ್ಮ'ಕ್ಕೆ 1956ರಲ್ಲಿ ಬರೆದ ಮುನ್ನುಡಿಯಲ್ಲಿ, ಆ ಪುಸ್ತಕ ಬರೆಯುವ ವರ್ಷಗಳಲ್ಲಿ ಕಾಯಿಲೆ ತಮ್ಮನ್ನು ಎಷ್ಟು ಕಾಡಿತೆಂದು ಹೇಳಿ, ತಾವು ಉಳಿದದ್ದು ಪತ್ನಿಯ ಮತ್ತು ಡಾ. ಮಾಳವಣಕರ್ ಅವರ ವೈದ್ಯಕೀಯ ಕೌಶಲದಿಂದ ಎಂದು ಕೃತಜ್ಞತೆ ಸಲ್ಲಿಸಿದ್ದಾರೆ. ಪುಸ್ತಕ 1957ರಲ್ಲಿ, ಅವರ ಪರಿನಿಬ್ಬಾಣದ ನಂತರ ಬಂದಾಗ ಆ ಮುನ್ನುಡಿ ಅದರಲ್ಲಿ ಇರಲಿಲ್ಲ.

ಛಲ ಒಂದನ್ನೇ ನಾವು ಅವರಿಂದ ತೆಗೆದುಕೊಂಡಿದ್ದೇವೆ. ಚಿಕಿತ್ಸೆ ಪಡೆದದ್ದನ್ನು, ಇನ್ನೊಬ್ಬರ ನೆರವು ಪಡೆದದ್ದನ್ನು, ಅದನ್ನು ಬಾಯ್ಬಿಟ್ಟು ಹೇಳಿದ್ದನ್ನು ಬಿಟ್ಟಿದ್ದೇವೆ. ಕಾಯಿಲೆಯ ಮಗುವಿಗೆ ಅವರ ಉದಾಹರಣೆ ಕೊಡುವಾಗ ಪೂರ್ತಿ ಕೊಡೋಣ.

*ಮಹಾವಗ್ಗದ ಪಾಠ*

ವಿನಯ ಪಿಟಕದ ಮಹಾವಗ್ಗದಲ್ಲಿ ಬರುವ ಘಟನೆ ನಿಮಗೆ ಗೊತ್ತಿದೆ. ಭೇದಿಯಾಗಿ ತನ್ನ ಮಲಮೂತ್ರದಲ್ಲೇ ಬಿದ್ದಿದ್ದ ಭಿಕ್ಷುವೊಬ್ಬನನ್ನು ಬುದ್ಧರು ಕಾಣುತ್ತಾರೆ. ಯಾರೂ ನೋಡಿಕೊಳ್ಳುತ್ತಿಲ್ಲವೇ ಎಂದರೆ, ನಾನು ಇತರರಿಗೆ ಏನೂ ಮಾಡಿಕೊಡುವವನಲ್ಲ, ಅದಕ್ಕೆ ಯಾರೂ ನೋಡಿಕೊಳ್ಳುವುದಿಲ್ಲ ಎನ್ನುತ್ತಾನೆ. ಬುದ್ಧರು ನೀರು ಹಾಕುತ್ತಾರೆ, ಆನಂದ ತೊಳೆಯುತ್ತಾನೆ. ತಲೆಯ ಕಡೆ ಬುದ್ಧರು, ಕಾಲಿನ ಕಡೆ ಆನಂದ ಹಿಡಿದು ಎತ್ತಿ ಮಂಚದ ಮೇಲೆ ಮಲಗಿಸುತ್ತಾರೆ. ಆಮೇಲೆ ಸಂಘವನ್ನು ಕರೆದು, ನನ್ನ ಸೇವೆ ಮಾಡಬೇಕೆನ್ನುವವರು ರೋಗಿಯ ಸೇವೆ ಮಾಡಲಿ ಎಂಬ ಅರ್ಥದ ಮಾತು ಹೇಳುತ್ತಾರೆ. ನಾವು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತೇವೆ. ಅಲ್ಲಿ ಇನ್ನೂ ಇದೆ. ಶಿಷ್ಯ ಕಾಯಿಲೆ ಬಿದ್ದರೆ ಆಚಾರ್ಯ ನೋಡಿಕೊಳ್ಳಬೇಕು. ಯಾರೂ ಇಲ್ಲದಿದ್ದರೆ ಸಂಘವೇ ನೋಡಿಕೊಳ್ಳಬೇಕು. ನೋಡಿಕೊಳ್ಳದಿದ್ದರೆ ಅದು ದೋಷ ಎಂದು ನಿಯಮ ಮಾಡುತ್ತಾರೆ. ಟೀಚರ್ ಆಗಿ ನನಗೆ ಆ ಸಾಲು ಚುಚ್ಚಿತು.

ಮುಂದುವರಿದು, ಆರೈಕೆಗೆ ಸುಲಭನಾದ ರೋಗಿಯ ಐದು ಗುಣಗಳನ್ನು ಹೇಳುತ್ತಾರೆ. ಹುಡುಗಿಗೂ ನನಗೂ ಇದು ಪಾಠವಾಯಿತು.

1. ತನಗೆ ಒಗ್ಗುವುದನ್ನು ಮಾಡುತ್ತಾನೆ. (ಅವಳಿಗೆ: ಹೊತ್ತಿಗೆ ಸರಿಯಾಗಿ ಊಟ, ಉಪವಾಸ ಇಲ್ಲ.)
2. ಒಗ್ಗುವುದರಲ್ಲೂ ಮಿತಿ ಅರಿತಿರುತ್ತಾನೆ. (ರಾಗಿ ಮುದ್ದೆ ಒಳ್ಳೆಯದೆಂದು ಎಷ್ಟಾದರೂ ಉಣ್ಣುವ ಹಾಗಿಲ್ಲ. ಇನ್ಸುಲಿನ್ ಒಳ್ಳೆಯದೆಂದು ಹೆಚ್ಚು ಹಾಕಿಕೊಳ್ಳುವ ಹಾಗೂ ಇಲ್ಲ. ಓದು ಒಳ್ಳೆಯದೆಂದು ನಿದ್ದೆಗೆಡುವ ಹಾಗೂ ಇಲ್ಲ.)
3. ಔಷಧಿ ಸೇವಿಸುತ್ತಾನೆ.
4. ತನ್ನ ಹಿತ ಬಯಸುವವರಿಗೆ ಕಾಯಿಲೆಯನ್ನು ಇದ್ದ ಹಾಗೆ ಹೇಳುತ್ತಾನೆ. ಹೆಚ್ಚಾದರೆ ಹೆಚ್ಚಾಗಿದೆ ಎಂದು, ಕಡಿಮೆಯಾದರೆ ಕಡಿಮೆಯಾಗಿದೆ ಎಂದು, ಹಾಗೇ ಇದ್ದರೆ ಹಾಗೇ ಇದೆ ಎಂದು.
5. ನೋವನ್ನು ತಾಳಿಕೊಳ್ಳುತ್ತಾನೆ.

ತಾಳಿಕೊಳ್ಳುವುದು ಐದನೆಯದು. ಅದಕ್ಕೂ ಮುಂಚೆ ಹೇಳಿಕೊಳ್ಳುವುದಿದೆ. ನಮ್ಮ ಹೆಣ್ಣುಮಕ್ಕಳಿಗೆ ನಾವು ಐದನೆಯದನ್ನು ಮಾತ್ರ ಕಲಿಸಿ ನಾಲ್ಕನೆಯದನ್ನು ಬಾಯಿ ಮುಚ್ಚಿಸಿದ್ದೇವೆ. "ಯಾರಿಗೂ ಹೇಳ್ಬೇಡ, ನಾಳೆ ಮದ್ವೆ ಆಗ್ಬೇಕು" ಎಂದು.

ಆರೈಕೆ ಮಾಡುವವರಿಗೂ ಐದು ಗುಣ ಹೇಳಿದ್ದಾರೆ: ಔಷಧಿ ಸಿದ್ಧಮಾಡಲು ಬಲ್ಲವರಾಗಿರಬೇಕು; ಒಗ್ಗುವುದು ಯಾವುದು, ಒಗ್ಗದ್ದು ಯಾವುದು ತಿಳಿದು ಒಗ್ಗುವುದನ್ನು ಹತ್ತಿರ ತಂದು ಒಗ್ಗದ್ದನ್ನು ದೂರ ಇಡಬೇಕು; ಲಾಭದ ಆಸೆಯಿಂದಲ್ಲ, ಮೈತ್ರಿಯಿಂದ ಮಾಡಬೇಕು; ಮಲ, ಮೂತ್ರ, ವಾಂತಿಗೆ ಹೇಸಬಾರದು; ಆಗಾಗ ಧಮ್ಮದ ಮಾತಿನಿಂದ ಧೈರ್ಯ ತುಂಬಬೇಕು. ಗಮನಿಸಿ, ಮೊದಲ ಎರಡೂ ತಿಳಿವಳಿಕೆಗೆ ಸೇರಿದವು. ಮೈತ್ರಿ ಮೂರನೆಯದು. ನನ್ನಲ್ಲಿ ಮರುಕ ಇತ್ತು, ತಿಳಿವಳಿಕೆ ಇರಲಿಲ್ಲ. ಅದಕ್ಕೇ ನನ್ನ ಮರುಕ ಅವಳಿಗೆ ಅಡ್ಡವಾಯಿತು. ಪ್ರಜ್ಞೆ ಮತ್ತು ಕರುಣೆ ಎರಡನ್ನೂ ಬಾಬಾಸಾಹೇಬರು ಜೊತೆಗೇ ಹೇಳುವುದು ಇದಕ್ಕೇ ಇರಬೇಕು.

*ಈಗ*

ಅವಳು ಸೈನ್ಸ್ ತಗೊಂಡಳು. ದ್ವಿತೀಯ ಪಿಯುಸಿ ಪರೀಕ್ಷೆಯ ಹೊತ್ತಿಗೆ ಜ್ವರ ಬಂದು ಸಕ್ಕರೆ ಏರಿ ಆಸ್ಪತ್ರೆ ಸೇರಿ ಒಂದು ವರ್ಷ ಹೋಯಿತು. ಮರುವರ್ಷ ಬರೆದಳು. ಈಗ ಬಿ.ಎಸ್ಸಿ. ನರ್ಸಿಂಗ್ ಮೂರನೇ ವರ್ಷ, ಹಾಸ್ಟೆಲ್ ವಾಸ. ಸೇರಿದ ಮೊದಲ ದಿನವೇ ವಾರ್ಡನ್‌ಗೆ, ಕೋಣೆಯ ಗೆಳತಿಯರಿಗೆ, ಕಾಲೇಜಿನಲ್ಲಿ ಹೇಳಿದ್ದಾಳೆ. ಒಬ್ಬ ಗೆಳತಿಯ ಮನೆಯವರು ಕೋಣೆ ಬದಲಿಸಲು ಕೇಳಿದರಂತೆ, ಅಂಟುತ್ತದೆ ಎಂದು. ಉಳಿದಿಬ್ಬರು ಜೊತೆಗಿದ್ದಾರೆ. ಅವರಿಗೆ ಸಕ್ಕರೆ ಎಲ್ಲಿದೆ, ಏನು ಮಾಡಬೇಕು ಎಂಬುದು ಗೊತ್ತು. ಹಾಸ್ಟೆಲ್‌ನಲ್ಲಿ ಊಟ ತಡವಾಗುವುದುಂಟು. ಗಂಟೆ ಹೊಡೆಯಿತೆಂದು ಸೂಜಿ ಹಾಕಿಕೊಳ್ಳುವುದಿಲ್ಲ, ಅಡುಗೆ ಆಗಿದೆಯೇ ಎಂದು ನೋಡಿಯೇ ಹಾಕಿಕೊಳ್ಳುತ್ತಾಳೆ. ರಾತ್ರಿ ಪಾಳಿಗೆ ಡೋಸ್ ಹೇಗೆ ಬದಲಿಸಬೇಕೆಂದು ಡಾಕ್ಟರ ಹತ್ತಿರ ಕೇಳಿ ಬರೆದಿಟ್ಟುಕೊಂಡಿದ್ದಾಳೆ.

ಎಲ್ಲ ಸರಿಹೋಯಿತು ಎಂದು ನಾನು ಹೇಳಲಾರೆ. ಮೊನ್ನೆ ಫೋನಿನಲ್ಲಿ, "ಈ ವಾರ ಎರಡು ದಿನ 300 ದಾಟಿತ್ತು ಮಿಸ್, ಯಾಕಂತ ಗೊತ್ತಾಗ್ಲಿಲ್ಲ, ಅತ್ತೆ" ಎಂದಳು. ಆಮೇಲೆ, "ಆದ್ರೆ ವಾರ್ಡಿನಲ್ಲಿ ಒಬ್ಬ ಸಣ್ಣ ಹುಡುಗ ಸೂಜಿಗೆ ಹೆದರಿ ಅಳ್ತಿದ್ದ. ನನ್ನ ಹೊಟ್ಟೆಗೆ ನಾನು ಹಾಕ್ಕೊಳ್ಳೋದನ್ನ ಅವನಿಗೆ ತೋರಿಸ್ದೆ. ಸುಮ್ನಾದ" ಎಂದಳು.

*ಆ ಉಪಾಸಿಕೆಗೆ ನನ್ನ ಉತ್ತರ*

ಓದಿಸಿ ಅಕ್ಕ. ಅವನಿಗೆ ಏನಾಗಬೇಕೆಂಬ ಆಸೆ ಇದೆಯೋ ಅದನ್ನೇ ಓದಿಸಿ. ಜೊತೆಗೆ ಇವನ್ನು ನೆನಪಿಡಿ:

• ಯಾರು ಏನೇ ಕೊಡಲಿ, ಡಾಕ್ಟರನ್ನು ಕೇಳದೆ ಇನ್ಸುಲಿನ್ ನಿಲ್ಲಿಸಬೇಡಿ.
• ತೆರೆಯದ ಇನ್ಸುಲಿನ್ ಫ್ರಿಡ್ಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿರಲಿ, ಐಸ್ ಡಬ್ಬದಲ್ಲಿ ಬೇಡ. ಫ್ರಿಡ್ಜ್ ಇಲ್ಲದ ಮನೆಯಲ್ಲಿ ಒಂದು ಮಣ್ಣಿನ ಮಡಕೆಯೊಳಗೆ ಇನ್ನೊಂದಿಟ್ಟು, ನಡುವೆ ಒದ್ದೆ ಮರಳು ತುಂಬಿ ನೆರಳಲ್ಲಿಟ್ಟರೆ ತಂಪಾಗಿರುತ್ತದೆ. ತೆರೆದ ಬಾಟಲಿಯನ್ನು ಸಾಮಾನ್ಯವಾಗಿ ನಾಲ್ಕು ವಾರದ ಮೇಲೆ ಬಳಸಬಾರದು.
• ಬೆವರು, ನಡುಕ, ತೊದಲು ಮಾತು ಕಂಡರೆ, ಅಥವಾ ಸಕ್ಕರೆ 70ಕ್ಕಿಂತ ಕೆಳಗಿದ್ದರೆ, ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.
• ಶಾಲೆಗೆ ಡಾಕ್ಟರ ಚೀಟಿ ಕೊಟ್ಟು ಎಲ್ಲ ಶಿಕ್ಷಕರಿಗೂ ತಿಳಿಸಿ. ಸಿಬಿಎಸ್‌ಇ ಮಂಡಳಿ 2017ರಲ್ಲೇ ಇಂಥ ಮಕ್ಕಳು ಪರೀಕ್ಷಾ ಕೊಠಡಿಗೆ ಸಕ್ಕರೆ ಮಾತ್ರೆ, ಹಣ್ಣು, ನೀರು ಒಯ್ಯಲು ಅನುಮತಿ ಕೊಟ್ಟಿದೆ. ಯಾವ ಪರೀಕ್ಷೆಯೇ ಇರಲಿ, ಮುಂಚಿತವಾಗಿ ಬರೆದು ಕೇಳಿ.
• 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳ ಪಟ್ಟಿಯಲ್ಲಿ ಸಿಕಲ್ ಸೆಲ್, ಥಲಸ್ಸೇಮಿಯಾ ಇವೆ; ಟೈಪ್ 1 ಮಧುಮೇಹ ಇಲ್ಲ. ಹಾಗಾಗಿ ಮೀಸಲಾತಿಯ ಭರವಸೆ ಯಾರಾದರೂ ಕೊಟ್ಟರೆ ನಂಬಿ ಕೂರಬೇಡಿ.

*ಇಂದಿನ ಅಭ್ಯಾಸ:* ನಿಮ್ಮ ಮನೆಯಲ್ಲಿ, ಓಣಿಯಲ್ಲಿ, ತರಗತಿಯಲ್ಲಿ ಕಾಯಿಲೆಯನ್ನು ಮುಚ್ಚಿಟ್ಟುಕೊಂಡು ಓದುತ್ತಿರುವ ಒಂದು ಮಗು ಇರಬಹುದು. ಇವತ್ತು ಅದರ ಪಕ್ಕ ಕೂತು, "ಹೇಗಿದೀಯ?" ಎಂದು ಕೇಳಿ. ಬುದ್ಧಿ ಹೇಳಬೇಡಿ, ಪಾಪ ಎನ್ನಬೇಡಿ. ಹೆಚ್ಚಾಗಿದೆ, ಕಡಿಮೆಯಾಗಿದೆ, ಹಾಗೇ ಇದೆ, ಮೂರರಲ್ಲಿ ಯಾವುದನ್ನು ಹೇಳಿದರೂ ಪೂರ್ತಿ ಕೇಳಿಸಿಕೊಳ್ಳಿ. ಭಾನುವಾರ ವಿಹಾರದಲ್ಲಿ ಇದನ್ನೇ ಮಾತಾಡೋಣ. ಆ ಉಪಾಸಿಕೆಯ ತಮ್ಮನ ಮನೆಯವರನ್ನೂ ಬರಹೇಳಿದ್ದೇನೆ.

ಭವತು ಸಬ್ಬ ಮಂಗಲಂ. ಜೈಭೀಮ್.